ಚಿಪ್ಪಿನ ಮೇಲಿನ ಅಳತೆ

ಶಾಲೆಯ ಓಟದ ತಂಡಕ್ಕೆ ಜೆರ್ಸಿ ಬಂದ ದಿನ ಕಡ್ಡಿ ಅದನ್ನು ತೊಟ್ಟುಕೊಂಡೇ ಮನೆಗೆ ಬಂದಳು. ಚೀಲವನ್ನು ಕುರ್ಚಿಯ ಮೇಲೆ ಎಸೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಪಾಲಿಗೆ ಬಂದದ್ದೇ ಸೊಟ್ಟದ್ದು, ಮಿಕ್ಕವರದೆಲ್ಲ ಚೆನ್ನಾಗಿದೆ ಎಂದು ದೂರಿದಳು.

ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ ತಾಯಿ ತಲೆಯೆತ್ತಿ ನೋಡಿದಳು. ಜೆರ್ಸಿಯ ಕತ್ತು ಎಡಕ್ಕೆ ಜಾರಿತ್ತು. ಬಲಗಡೆಯ ಅಂಚು ಮೇಲೇರಿ, ಎಡಗಡೆಯದು ಇಳಿಬಿದ್ದಿತ್ತು. ಹುಡುಗಿ ಎಳೆದು ಸರಿಮಾಡಿಕೊಂಡರೆ ಒಂದು ಗಳಿಗೆ ನಿಲ್ಲುತ್ತಿತ್ತು. ಕೈ ಬಿಟ್ಟರೆ ಮತ್ತೆ ಅಷ್ಟೇ.

"ನಾಳೆ ವಾಪಸ್ ಕೊಟ್ಟು ಬೇರೆ ಇಸ್ಕೊ."

"ಬೇರೆ ಇಲ್ವಂತೆ. ನಿಮ್ಮನೇಲೇ ಟೈಲರ್ ಇದಾರಲ್ಲ, ಸರಿ ಮಾಡಿಸ್ಕೊ ಅಂದ್ರು."

ಮುಂದಿನ ಕೋಣೆಯಿಂದ ತಾಯಿಯ ಮಾವನ ದನಿ ಬಂತು. "ಕೊಡು ಇಲ್ಲಿ. ಬೆಳಿಗ್ಗೆ ಹೊತ್ತಿಗೆ ಮಾಡಿಡ್ತೀನಿ."

ಆ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳು ಮಾವನನ್ನು ಮಾಸ್ಟರ್ ಎನ್ನುತ್ತಿದ್ದರು. ಕೇಳಿ ಕೇಳಿ ಮನೆಯವರ ಮಾತಿನಲ್ಲೂ ಅದೇ ಹೆಸರು ಉಳಿದಿತ್ತು. ಅಳತೆ ತೆಗೆದು ಬಟ್ಟೆ ಕತ್ತರಿಸಿ ಹೊಲಿಯುವುದು ಮಾಸ್ಟರ್ ಕೆಲಸ. ಅದೇ ಮೇಜಿನ ಈಚೆ ಕೂತು ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಮಡಿಸುವುದು, ಕೊನೆಗೆ ಇಸ್ತ್ರಿ ಮಾಡಿ ಕಟ್ಟಿಡುವುದು ಸೊಸೆಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಎದುರುಬದುರು ಕೂತರೂ ಇಬ್ಬರ ನಡುವೆ ನಾಲ್ಕು ಮಾತು ಹುಟ್ಟಿದರೆ ಹೆಚ್ಚು. ಜಗಳವೇನಿರಲಿಲ್ಲ. ಮಾತಿಲ್ಲದೆ ಕೆಲಸ ಸಾಗುತ್ತಿತ್ತು, ಅಷ್ಟೇ.

ಮಾಸ್ಟರ್ ಹತ್ತಿರ ಜನ ದೂರದಿಂದ ಬರುತ್ತಿದ್ದರು. ಹೊಟ್ಟೆ ಮುಂದಿದ್ದವರು, ಗೂನು ಬಿದ್ದವರು, ಒಂದು ತೋಳು ಸಣ್ಣಗಾದವರು ಮಾಸ್ಟರ್ ಹೊಲಿದ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು, ಬೇರೆ ಯಾರನ್ನೋ ನೋಡಿದಂತೆ ನೋಡಿಕೊಂಡು ಹೋಗುತ್ತಿದ್ದರು. ಮೈಯ ಕುಂದು ಬಟ್ಟೆಯಲ್ಲಿ ಕಾಣಬಾರದು ಎಂಬುದು ಮಾಸ್ಟರ್ ಹಟ. ಮನೆಯ ಪರದೆಯಿಂದ ಹಿಡಿದು, ಲಿಫ್ಟ್ ರಿಪೇರಿಗೆ ಹೋಗುವ ಮಗನ ಕೆಲಸದ ಅಂಗಿಯವರೆಗೆ ಎಲ್ಲವೂ ಅವರ ಕೈಯದೇ. ಮೊಮ್ಮಗಳ ಮೈಯೇರಿದ ಮೊದಲ ಹೊರಗಿನ ಅಂಗಡಿಯ ಬಟ್ಟೆಯೆಂದರೆ ಈ ಜೆರ್ಸಿ.

ಹುಡುಗಿ ಸ್ನಾನಕ್ಕೆ ಹೋದಾಗ ತಾಯಿ ಸುಮ್ಮನೆ ಆ ಜೆರ್ಸಿಯನ್ನು ತಾನೇ ತೊಟ್ಟು ನೋಡಿದಳು. ಹದಿಮೂರು ದಾಟಿದ ಮಗಳು ಆಗಲೇ ಅವಳಷ್ಟೇ ಎತ್ತರ. ಎರಡು ವರ್ಷದಿಂದ ಅಗಲಕ್ಕೆ ಹೋಗದೆ ಬರೀ ಉದ್ದಕ್ಕೆ ಹೋದದ್ದಕ್ಕೇ ಅಪ್ಪ ಅವಳಿಗೆ ಕಡ್ಡಿ ಎಂದು ಹೆಸರಿಟ್ಟಿದ್ದ. ಜೆರ್ಸಿ ತಾಯಿಯ ಮೈಮೇಲೆ ಎಲ್ಲೂ ಜಾರಲಿಲ್ಲ. ಎರಡೂ ಕಡೆಯ ಅಂಚು ಒಂದೇ ಮಟ್ಟದಲ್ಲಿ ನಿಂತಿತು. ತೆಗೆದು ಮಡಿಸಿ ಮೇಜಿನ ಮೇಲಿಟ್ಟಳು.

ಮಾರನೆಯ ಬೆಳಿಗ್ಗೆ ಜೆರ್ಸಿ ಸಿದ್ಧವಾಗಿ ಗೂಟಕ್ಕೆ ನೇತುಬಿದ್ದಿತ್ತು. ಕಡ್ಡಿ ತೊಟ್ಟು ಒಂದು ಸುತ್ತು ತಿರುಗಿ, ತಾತ ಅಂದ್ರೆ ತಾತ ಎಂದು ಮೆಚ್ಚಿ ಓಡಿದಳು. ಮಾಸ್ಟರ್ ಅವಳನ್ನು ಕರೆದು ಅಳತೆ ತೆಗೆದದ್ದನ್ನು ತಾಯಿ ನೋಡಿರಲಿಲ್ಲ. ಸಂಜೆ ತೊಳೆಯಲು ತೆಗೆದಾಗ ಒಳಮಗ್ಗುಲು ಹೊರಕ್ಕೆ ತಿರುವಿದಳು. ಎಡಭುಜದ ಕೆಳಗೆ ತೆಳ್ಳನೆಯ ಪಟ್ಟಿ ಕೂರಿಸಿತ್ತು. ಬೆನ್ನಿನ ಬಲಭಾಗದಲ್ಲಿ ಹೊಲಿಗೆ ಬಿಚ್ಚಿ ಒಂದು ಎಸಳು ಬಟ್ಟೆ ಸೇರಿಸಿತ್ತು. ಅವಳು ಜೆರ್ಸಿಯನ್ನು ಬಕೆಟ್ಟಿಗೆ ಹಾಕಲಿಲ್ಲ. ಬೀರು ತೆರೆದು ಸಮವಸ್ತ್ರದ ಅಂಗಿಗಳನ್ನು ತೆಗೆದು ಒಂದೊಂದನ್ನೇ ತಿರುವಿದಳು. ಎಲ್ಲದರಲ್ಲೂ ಎಡಕ್ಕೆ ಪಟ್ಟಿ, ಬಲಕ್ಕೆ ಹೆಚ್ಚಿನ ಬಟ್ಟೆ. ಹಳೆಯದರಲ್ಲಿ ತೆಳು, ಹೊಸದರಲ್ಲಿ ದಪ್ಪ.

ಆ ಅಂಗಿಗಳನ್ನು ವಾರ ವಾರ ಇಸ್ತ್ರಿ ಮಾಡಿದ್ದವಳು ಅವಳೇ. ಅವು ಎಂದೂ ಮಣೆಯ ಮೇಲೆ ಚಪ್ಪಟೆಯಾಗಿ ಕೂತದ್ದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಬ್ಬುತ್ತಿದ್ದವು. ಮಣೆ ಡೊಂಕಾಗಿದೆ, ಬದಲಾಯಿಸಬೇಕು ಎಂದು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು.

"ಮಾವ, ಎಡಭುಜಕ್ಕೆ ಪಟ್ಟಿ ಯಾಕಿಟ್ಟಿದೀರಿ?"

ಮಾಸ್ಟರ್ ಸೂಜಿಗೆ ದಾರ ಪೋಣಿಸುತ್ತಿದ್ದರು. "ಅವಳದು ಸ್ವಲ್ಪ ಇಳಿಜಾರು. ಚೀಲ ಹೊರೋ ಮಕ್ಕಳಿಗೆಲ್ಲ ಇರುತ್ತೆ."

"ಯಾವಾಗಿಂದ?"

"ಉದ್ದ ಆಗೋಕೆ ಶುರುವಾದಾಗಿಂದ," ಎಂದು ಅವರು ಮಿಷನ್ ತುಳಿಯತೊಡಗಿದರು. ಆ ಸದ್ದಿನಲ್ಲಿ ಮಾತು ಮುಂದುವರಿಯುವ ಹಾಗಿರಲಿಲ್ಲ.

ಊಟಕ್ಕೆ ಕೂತಾಗ ತಾಯಿ ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಮಾತೆತ್ತಿದಳು. ಗಂಡ ಅನ್ನಕ್ಕೆ ಬೇಳೆ ಕಲಸುತ್ತ, ಯಾಕೆ, ಜ್ವರವೇ ಎಂದು ಕೇಳಿದ. ಜ್ವರವಿಲ್ಲ ಎಂದಾಗ ಕೈ ನಿಲ್ಲಿಸಿದ. ಲಸಿಕೆಗಳೆಲ್ಲ ಮುಗಿದ ಮೇಲೆ ಆ ಮನೆಯಲ್ಲಿ ಯಾರೂ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ. ನೆಗಡಿ ಬಂದರೆ ಔಷಧಿ ಅಂಗಡಿಯ ಸಿರಪ್ಪು ಬರುತ್ತಿತ್ತು, ನೆಗಡಿ ಹೋಗುತ್ತಿತ್ತು. ಶಾಲೆಗೆ ಎರಡು ಸಲ ತಪಾಸಣೆಗೆ ಡಾಕ್ಟರು ಬಂದಿದ್ದರಂತೆ. ಒಂದು ಸಲ ಓಟದ ಅಭ್ಯಾಸವಿದೆಯೆಂದು, ಇನ್ನೊಂದು ಸಲ ಅಂಗಿ ಬಿಚ್ಚಬೇಕಾಗುತ್ತದೆಂದು ಕಡ್ಡಿ ತಪ್ಪಿಸಿಕೊಂಡಿದ್ದಳು. ಇದೂ ಆ ಊಟದ ಹೊತ್ತಿಗೇ ಹೊರಬಿತ್ತು.

"ಓಟದಲ್ಲಿ ಫಸ್ಟ್ ಬರೋಳನ್ನ ಕರ್ಕೊಂಡು ಹೋಗಿ ಏನಂತ ಹೇಳ್ತೀಯ?" ಎಂದ ಗಂಡ. "ಡಾಕ್ಟ್ರೇ, ಇವಳು ತುಂಬ ಜೋರಾಗಿ ಓಡ್ತಾಳೆ, ಏನಾದ್ರೂ ಮಾಡಿ ಅಂತಾನಾ?"

ಕಡ್ಡಿ ನಕ್ಕಳು. ತಾಯಿ ನಗಲಿಲ್ಲ.

"ನಡೀತಿರೋ ಲಿಫ್ಟನ್ನ ತಿಂಗಳು ತಿಂಗಳು ನಿಲ್ಲಿಸಿ ಬಿಚ್ಚಿ ನೋಡ್ತೀರಲ್ಲ, ಅದಕ್ಕೇನಾಗಿರುತ್ತೆ?"

"ಏನೂ ಆಗಿರಲ್ಲ. ಅದು ರೂಲ್ಸು."

"ರೂಲ್ಸು ಯಾಕೆ ಮಾಡಿದ್ರು?"

"ಹಗ್ಗ ಸವೆದಿದೆ ಅಂತ ಲಿಫ್ಟು ಬಂದು ಹೇಳಲ್ಲ ಕಣೇ. ಇವಳಿಗೆ ಬಾಯಿದೆ."

ತಾಯಿ ಮಗಳ ಕಡೆ ತಿರುಗಿದಳು. "ಬೆನ್ನು ನೋವೇನಾದ್ರೂ ಇದೆಯಾ?"

"ಏನಿಲ್ಲ."

"ಶಾಲೇಲಿ ಏನಾಯ್ತು ಇವತ್ತು?"

"ಏನಿಲ್ಲ."

"ಕೇಳಿಸ್ಕೊಂಡ್ರಾ," ಎಂದಳು ತಾಯಿ ಗಂಡನಿಗೆ. "ಇದೇ ನೀವು ಹೇಳಿದ ಬಾಯಿ."

ಗಂಡ ಸೋತವನಂತೆ ತಲೆಯಾಡಿಸಿ ಮೊಸರು ಕೇಳಿದ. ಮಾಸ್ಟರ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಆ ರಾತ್ರಿ ಮಲಗುವ ಮುಂಚೆ ತಾಯಿ ಒಮ್ಮೆ ಬೆನ್ನು ತೋರಿಸು ಎಂದು ಕೇಳಿದಳು. ಕಡ್ಡಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಚಿಕ್ಕಂದಿನಲ್ಲಿ ದಿನಾ ಮೈ ತೊಳೆಸಿದ ತಾಯಿ ಈಗ ಆ ಬೆನ್ನು ನೋಡಿಯೇ ಎರಡು ವರ್ಷದ ಮೇಲಾಗಿತ್ತು.

ಮಕ್ಕಳ ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಹುಡುಗಿಯ ಎತ್ತರ, ತೂಕ, ಕಣ್ಣು, ಹಲ್ಲು, ರಕ್ತದ ಒತ್ತಡ ಎಲ್ಲವನ್ನೂ ಅವಸರವಿಲ್ಲದೆ ನೋಡಿದರು. ಆಮೇಲೆ ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು. ಈ ವಯಸ್ಸಿನ ಮಕ್ಕಳ ಜೊತೆ ಒಂದಷ್ಟು ಹೊತ್ತು ಅವರೊಬ್ಬರೇ ಮಾತಾಡುವ ಪದ್ಧತಿಯಂತೆ. ತಾಯಿ ಬೆಂಚಿನ ತುದಿಯಲ್ಲಿ ಕೂತು ಮುಚ್ಚಿದ ಬಾಗಿಲನ್ನು ನೋಡಿದಳು. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು. ಮನೆಯಲ್ಲಿ ಅವಳು ಅಷ್ಟು ಹೊತ್ತು ಮಾತಾಡಿ ಬಹಳ ದಿನವಾಗಿತ್ತು.

ಒಳಗೆ ಕರೆದಾಗ ಕಡ್ಡಿ ಬೆನ್ನು ತೆರೆದ ಆಸ್ಪತ್ರೆಯ ಅಂಗಿ ತೊಟ್ಟು ನಿಂತಿದ್ದಳು. ಡಾಕ್ಟರು ಅವಳಿಗೆ ಎರಡು ಕೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿ, ತಾಯಿಯನ್ನು ಹಿಂದೆ ನಿಲ್ಲಿಸಿಕೊಂಡರು. ಬಾಗಿದ ಬೆನ್ನಿನ ಎಡಭಾಗ ಮಟ್ಟಸವಾಗಿತ್ತು. ಬಲಭಾಗ ದಿಣ್ಣೆಯಂತೆ ಎದ್ದಿತ್ತು. ತಾಯಿ ಕೈ ಚಾಚಿದವಳು ಮುಟ್ಟದೆ ಹಿಂತೆಗೆದಳು. ಆಮೇಲೆ ಎಕ್ಸ್‌ರೇ ಆಯಿತು. ಬೆಳಕಿನ ಹಲಗೆಯ ಮೇಲೆ ಬೆನ್ನುಮೂಳೆ ಮಧ್ಯದಲ್ಲಿ ಬಲಕ್ಕೆ ವಾಲಿ, ಕೆಳಗೆ ಮತ್ತೆ ಒಳಕ್ಕೆ ಬಂದಿತ್ತು.

"ಹೋದ ವರ್ಷದ ಚೆಕಪ್‌ನಲ್ಲಿ ಏನಂದಿದ್ರು?" ಎಂದು ಡಾಕ್ಟರು ಕೇಳಿದರು.

"ಮಾಡಿಸಿಲ್ಲ."

"ಅದರ ಹಿಂದಿನ ವರ್ಷ?"

ತಾಯಿ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಬಯ್ಯಲಿಲ್ಲ. ಮಾಮೂಲಿ ದನಿಯಲ್ಲಿ ವಿವರಿಸಿದರು. ಶುರುವಿನಲ್ಲಿ ಇದು ನೋಯುವುದೇ ಅಪರೂಪ, ಹಾಗಾಗಿ ಮಕ್ಕಳಿಗೇ ಗೊತ್ತಾಗುವುದಿಲ್ಲ. ಅವರು ಸರ್ರನೆ ಉದ್ದವಾಗುವ ವರ್ಷಗಳಲ್ಲೇ ಇದೂ ಬೇಗ ಬಾಗುತ್ತದೆ. ವರ್ಷಕ್ಕೊಮ್ಮೆ ಹೀಗೆ ಬಾಗಿಸಿ ನೋಡಿದ್ದರೆ ಸಣ್ಣದಿದ್ದಾಗಲೇ ಸಿಗುತ್ತಿತ್ತು, ಬರೀ ಗಮನಿಸುತ್ತ ಹೋದರೂ ಸಾಕಾಗುತ್ತಿತ್ತೋ ಏನೋ. ಈಗ ಬೆನ್ನನ್ನು ಬಿಗಿದು ಹಿಡಿಯುವ ಬ್ರೇಸ್ ಹಾಕಬೇಕು. ನಿದ್ದೆ, ಊಟ, ಪಾಠ ಎಲ್ಲ ಅದರಲ್ಲೇ. ಸ್ನಾನಕ್ಕೆ, ಓಟಕ್ಕೆ ತೆಗೆಯಬಹುದು. ಅದು ಬಾಗಿದ್ದನ್ನು ನೆಟ್ಟಗೆ ಮಾಡುವುದಿಲ್ಲ, ಇನ್ನಷ್ಟು ಬಾಗದಂತೆ ಹಿಡಿಯುತ್ತದೆ. ಬೆಳವಣಿಗೆ ಇರುವ ತನಕ ಮಾತ್ರ ಅದರ ಉಪಯೋಗ. ಹಿಡಿತಕ್ಕೆ ಸಿಗದಿದ್ದರೆ ಆಪರೇಷನ್. ಕೊನೆಯಲ್ಲಿ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಇಲ್ಲ ಎಂದು ತಾಯಿ ಖಚಿತವಾಗಿ ಹೇಳಿದಳು.

ಮನೆಗೆ ಬಂದು ಚಪ್ಪಲಿ ಬಿಟ್ಟವಳು ನೇರ ಕತ್ತರಿಸುವ ಮೇಜಿನ ಮುಂದೆ ನಿಂತಳು. ಗಂಡನೂ ಆಗಷ್ಟೇ ಬಂದಿದ್ದ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮಾವನ ಕಡೆ ನೋಡಿದಳು.

"ಎರಡು ವರ್ಷ. ಎರಡೂ ವರ್ಷ ನಿಮಗೆ ಗೊತ್ತಿತ್ತು. ಪಟ್ಟಿ ದಪ್ಪ ಮಾಡ್ತಾ ಹೋದ್ರಿ, ಒಂದು ಮಾತು ಹೇಳ್ಲಿಲ್ಲ."

ಮಾಸ್ಟರ್ ಕತ್ತರಿಯನ್ನು ಕೆಳಗಿಟ್ಟರು. ಮೇಜಿನ ಮೇಲೆ ಚೆಲ್ಲಿದ್ದ ಚೂರು ಬಟ್ಟೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು.

"ನಿಮ್ಮತ್ತೇದೂ ಹೀಗೇ ಇತ್ತು," ಎಂದರು.

ಗಂಡ ತಿರುಗಿ ನಿಂತ. "ಅಮ್ಮಂಗಾ?"

ಹೊಸತಾಗಿ ಮದುವೆಯಾದಾಗ ಹೆಂಡತಿಗೊಂದು ರವಿಕೆ ಹೊಲಿಯಲು ಅಳತೆ ತೆಗೆದರಂತೆ. ಆಗ ಗೊತ್ತಾಯಿತಂತೆ. ಯಾರಿಗೂ ಹೇಳಬೇಡಿ ಎಂದಳಂತೆ, ಹೇಳಲಿಲ್ಲ. ಸಾಯುವ ತನಕ ಅವಳ ಬಟ್ಟೆಯನ್ನೆಲ್ಲ ಅವರೇ ಹೊಲಿದರು. ಹೆತ್ತ ಮಗನಿಗೂ ತಿಳಿಯಲಿಲ್ಲ. ಸೊಸೆಗೆ ಅತ್ತೆಯ ಕೊನೆಯ ವರ್ಷಗಳು ನೆನಪಿಗೆ ಬಂದವು. ಮಲಗಿದರೆ ಉಸಿರು ಸಿಗದೆ ಅತ್ತೆ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅಂಗಡಿಯ ಹತ್ತಿಯ ಧೂಳು ಎದೆಗೆ ಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು, ಬೆನ್ನಿನ ಕಡೆ ಯಾರೂ ನೋಡಿರಲಿಲ್ಲ. ಹಾಸಿಗೆ ಹಿಡಿದಾಗಲೂ ಬಟ್ಟೆ ಬದಲಾಯಿಸಲು ಮಾಸ್ಟರ್ ಒಬ್ಬರನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸಿರಲಿಲ್ಲ.

"ಅದನ್ನ ಕಾಯಿಲೆ ಅಂದ್ಕೊಳ್ಳಲಿಲ್ಲಮ್ಮ ನಾನು," ಎಂದರು ಮಾಸ್ಟರ್. "ಒಬ್ಬೊಬ್ಬರ ಮೂಗು ಒಂದೊಂದು ಥರ ಇರಲ್ವಾ, ಹಾಗೆ ಅಂದ್ಕೊಂಡೆ. ಮಗು ನಾಲ್ಕು ಜನರ ಮಧ್ಯೆ ಓಡಾಡುತ್ತೆ, ಕಾಣದೆ ಇರಲಿ ಅಂತ."

"ಕಾಣ್ಲಿಲ್ಲ. ಯಾರಿಗೂ ಕಾಣ್ಲಿಲ್ಲ," ಎಂದಳು ಸೊಸೆ. "ಇನ್ಮೇಲೆ ಅವಳ ಬಟ್ಟೆ ನೀವು ಮುಟ್ಟೋದು ಬೇಡ."

ರಾತ್ರಿ ಪಾತ್ರೆ ತೊಳೆಯುವಾಗ ಗಂಡ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಎರಡು ಲೋಟ ಒರೆಸಿದ.

"ಅಪ್ಪನ್ನ ಅಂದೆಯಲ್ಲ. ವಾರ ವಾರ ಇಸ್ತ್ರಿ ಮಾಡಿದ್ದು ನೀನೇ ಅಲ್ವಾ?"

ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ನೀರು ತಟ್ಟೆಗೆ ಬಡಿದು ಮೈಮೇಲೆ ಹಾರಿತು.

ಬ್ರೇಸ್ ಬಂತು. ಕಂಕುಳ ಕೆಳಗಿನಿಂದ ಸೊಂಟದ ಕೆಳಗಿನವರೆಗೆ ಮೈಯನ್ನು ಹಿಡಿಯುವ ಬಿಳಿಯ ಗಟ್ಟಿ ಪ್ಲಾಸ್ಟಿಕ್ಕು. ಬಿಗಿಯಲು ಅಗಲವಾದ ಪಟ್ಟಿಗಳು. ಅದರ ಖರ್ಚಿಗಾಗಿ ಗಂಡ ರಜೆಯ ದಿನಗಳಲ್ಲೂ ಲಿಫ್ಟಿನ ಕರೆಗಳನ್ನು ಒಪ್ಪಿಕೊಳ್ಳತೊಡಗಿದ. ಕಡ್ಡಿ ಮೊದಲ ದಿನವೇ ಅದಕ್ಕೆ ಚಿಪ್ಪು ಎಂದು ಹೆಸರಿಟ್ಟಳು. ಚಿಪ್ಪಿನೊಳಗೆ ಹೊಟ್ಟೆ ತುಂಬ ಉಣ್ಣುವಂತಿರಲಿಲ್ಲ. ತಾಯಿ ಒಂದು ಊಟವನ್ನು ಎರಡಾಗಿ ಒಡೆದು, ನಡುವೆ ಬ್ರೆಡ್ಡು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಕೊಡತೊಡಗಿದಳು. ಚಮಚ ಬಿದ್ದರೆ ಹುಡುಗಿಗೆ ಬಗ್ಗಲಾಗುತ್ತಿರಲಿಲ್ಲ. ಅಪ್ಪ ಬಗ್ಗಿ ಎತ್ತಿಕೊಟ್ಟು, ಮಹಾರಾಣಿಯವರ ಚಮಚ ಎನ್ನುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು.

ಬಟ್ಟೆಗೆ ತಾಯಿ ಅಂಗಡಿಯಿಂದ ದೊಡ್ಡ ಅಳತೆಯ ಅಂಗಿಗಳನ್ನು ತಂದಳು. ಭುಜ ಮೊಣಕೈಯತ್ತ ಇಳಿದು, ಸೊಂಟದ ಹತ್ತಿರ ಚಿಪ್ಪಿನ ಅಂಚು ಒತ್ತಿ, ಬೆನ್ನಿನಲ್ಲಿ ಪಟ್ಟಿಗಳ ಗಂಟು ಎದ್ದು ಕಾಣುತ್ತಿತ್ತು. ಮಾಸ್ಟರ್ ಒಂದು ಸಲ ನೋಡಿ ಮುಖ ತಿರುಗಿಸಿದರು. ಮೇಜಿನ ಮೇಲೆ ಅವರು ಕತ್ತರಿಸಿದ್ದನ್ನು ಈಚೆ ತಳ್ಳುವರು, ಅವಳು ಎಳೆದುಕೊಳ್ಳುವಳು. ಮೊದಲಿದ್ದ ನಾಲ್ಕು ಮಾತೂ ಹೋಗಿದ್ದವು. ಊಟಕ್ಕೆ ಅವರು ಎಲ್ಲರೂ ಎದ್ದ ಮೇಲೆ ಬಂದು ಕೂರುತ್ತಿದ್ದರು. ಅವಳು ಬಡಿಸಿ ಅಡಿಗೆಮನೆಗೆ ಹೋಗುತ್ತಿದ್ದಳು.

ಮುಂದಿನ ಭೇಟಿಗೆ ಹೋದಾಗ ಡಾಕ್ಟರು ಮತ್ತೆ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ತಾಯಿಯನ್ನು ಒಳಗೆ ಕರೆದಾಗ ಕಡ್ಡಿಯ ಕಣ್ಣು ಕೆಂಪಾಗಿತ್ತು. ನೀನೇ ಹೇಳುತ್ತೀಯಾ ಎಂದು ಡಾಕ್ಟರು ಕೇಳಿದರು. ಅವಳೇ ಹೇಳಿದಳು. ಶಾಲೆಗೆ ಹೋದ ಕೂಡಲೆ ಚಿಪ್ಪನ್ನು ಬಿಚ್ಚಿ ಆಟದ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದಳು. ಮನೆಗೆ ಹೊರಡುವಾಗ ಮತ್ತೆ ಹಾಕಿಕೊಳ್ಳುತ್ತಿದ್ದಳು. ಎಕ್ಸ್‌ರೇಯಲ್ಲಿ ಬಾಗು ಸ್ವಲ್ಪ ಮುಂದೆ ಹೋಗಿತ್ತು. ಮುಂದಿನ ಸಲಕ್ಕೂ ಹೀಗೇ ಸಾಗಿದರೆ ಆಪರೇಷನ್ ಬಗ್ಗೆ ಮಾತಾಡಬೇಕಾಗುತ್ತದೆ ಎಂದರು ಡಾಕ್ಟರು. ಈಗ ಗೊತ್ತಾದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡಿದರು.

ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡು ಮೊದಲ ಸಲ ದನಿ ಏರಿಸಿದ. ತಾನು ವಾರಪೂರ್ತಿ ದುಡಿಯುವುದು ಕಪಾಟಿನಲ್ಲಿಡುವ ಪ್ಲಾಸ್ಟಿಕ್ಕಿಗೋ ಎಂದು ಕೇಳಿದ. ಕಡ್ಡಿ ಗೋಡೆಗೆ ಒರಗಿ ನಿಂತಿದ್ದಳು.

"ಹಿಂದೆ ಬಂದು ಬೆನ್ನು ತಟ್ತಾರೆ. ಟಕ್ ಟಕ್ ಅನ್ನುತ್ತಲ್ಲ, ಆಮೆ ಬಂತು ಅಂತಾರೆ. ಎಲ್ಲಿದೆ, ಎಷ್ಟು ದಪ್ಪ ಇದೆ, ಎಲ್ಲ ಈ ಅಂಗಡಿ ಅಂಗೀಲಿ ಕಾಣುತ್ತೆ." ಅವಳು ಮುಂದಿನ ಕೋಣೆಯ ಕಡೆ ತಿರುಗಿದಳು. "ತಾತ ಹೊಲಿದ್ರೆ ಕಾಣಲ್ಲ. ತಾತ, ಹೊಲಿದುಕೊಡ್ತೀರಾ?"

ಮಾಸ್ಟರ್ ಮಿಷನ್ನಿನ ಮುಂದೆ ಕೂತಿದ್ದರು. ಸೊಸೆಯ ಕಡೆ ನೋಡಲಿಲ್ಲ. "ಮುಚ್ಚಿ ಮುಚ್ಚಿ ಆಗಿದ್ದು ಸಾಕು ಪುಟ್ಟ. ನಾನು ಹೊಲಿಯಲ್ಲ."

"ಯಾರಿಗೂ ಗೊತ್ತಿಲ್ಲದೇ ಇದ್ದಾಗ ಮುಚ್ಚಿದ್ರಿ," ಎಂದಳು ಕಡ್ಡಿ. "ಈಗ ಎಲ್ಲರಿಗೂ ಗೊತ್ತಾದ್ಮೇಲೆ ಮುಚ್ಚಲ್ಲ ಅಂತೀರಾ?"

ಅಪ್ಪ ಏರಿಸಿದ ದನಿಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊರಗೆ ಹೋಗಿ ನಿಂತ. ಹುಡುಗಿ ಕೋಣೆಗೆ ಹೋದಳು. ಸೊಸೆ ಒಲೆಯ ಮೇಲೆ ಬೇಳೆ ಉಕ್ಕಿದ ಸದ್ದಿಗೆ ಒಳಗೆ ಹೋದಳು.

ಆ ವಾರವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು. ಕಡ್ಡಿ ಬೆಳಿಗ್ಗೆ ಚಿಪ್ಪು ಹಾಕಿಕೊಂಡೇ ಹೊರಡುವಳು. ಬೀದಿಯ ತಿರುವಿನ ಆಚೆ ಏನಾಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ವಾರದ ಕೊನೆಗೆ ತಾಯಿ ಬಟ್ಟೆ ಅಂಗಡಿಗೆ ಹೋಗಿ ಬಂದು, ಸಮವಸ್ತ್ರದ ಬಟ್ಟೆಯನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ತಿಂಗಳುಗಳ ಮೇಲೆ ಮಾವನನ್ನು ತಾನಾಗಿ ಮಾತಾಡಿಸಿದಳು.

"ಎರಡು ಜೊತೆ. ಅವಳಿಗೆ."

ಮಾಸ್ಟರ್ ಬಟ್ಟೆಯ ಅಂಚನ್ನು ಬೆರಳ ನಡುವೆ ತಿಕ್ಕಿ ನೋಡಿದರು. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಕರಿ ಅವಳನ್ನ ಎಂದರು.

ಕಡ್ಡಿ ಆಗ ತಾನೇ ಓಟದ ಅಭ್ಯಾಸ ಮುಗಿಸಿ ಸ್ನಾನ ಮಾಡಿ ಬಂದಿದ್ದಳು. ಮೈಮೇಲೆ ಚಿಪ್ಪಿರಲಿಲ್ಲ. ಚಿಕ್ಕಂದಿನ ಅಭ್ಯಾಸದಂತೆ ಎರಡೂ ತೋಳು ಅಗಲಿಸಿ ನಿಂತಳು. ಮಾಸ್ಟರ್ ಟೇಪು ಬಿಚ್ಚಲಿಲ್ಲ.

"ಹೀಗಲ್ಲ. ಚಿಪ್ಪು ಹಾಕ್ಕೊಂಡು ಬಾ."

"ಅದಿಲ್ದೆ ತಗೊಂಡು ಸ್ವಲ್ಪ ಲೂಸ್ ಇಡಿ, ಸಾಕು."

"ಹಾಕ್ಕೊಂಡು ಬಾ. ಬಿಗಿಯಾಗಿ."

ಅವರು ಚಿಪ್ಪಿನ ಮೇಲೆ ಅಳತೆ ತೆಗೆದರು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಏಳಿಸಿ, ಬರೆಯುವಂತೆ ಮೇಜಿಗೆ ಒರಗಿಸಿ, ಕೈ ಎತ್ತಿಸಿ, ಕೂತಾಗ ಕಂಕುಳ ಹತ್ತಿರ ಅಂಚು ಎಷ್ಟು ಮೇಲೇರುತ್ತದೆ, ಪಟ್ಟಿಗಳ ಗಂಟು ಎಲ್ಲಿ ಬರುತ್ತದೆ ಎಲ್ಲವನ್ನೂ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರು. ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ ಬಿಚ್ಚಿದರು. ಮತ್ತೆ ಹಾಕಿ ಮತ್ತೆ ಬಿಚ್ಚಿದರು. ಸಾಕು ತಾತ, ಬೇರೆಯವರದು ಒಂದೇ ಸಲಕ್ಕೆ ಮುಗಿಸ್ತೀರಿ ಎಂದು ಅವಳು ಗೊಣಗಿದಳು. ಬೇರೆಯವರಿಗೆ ಚಿಪ್ಪಿಲ್ಲ ಎಂದರು ಮಾಸ್ಟರ್.

ಎದುರಿಗೆ ಕೂತ ಸೊಸೆ ಗುಂಡಿ ಹಾಕುತ್ತಿದ್ದವಳು ಕೈ ನಿಲ್ಲಿಸಿ ಅಂಗಿಯನ್ನು ಎಳೆದುಕೊಂಡಳು. "ಇಲ್ಲಿ ಪ್ಲಾಸ್ಟಿಕ್ ಉಜ್ಜ್ತಾ ಇರುತ್ತೆ ಮಾವ. ಬೇಗ ತೂತು ಬೀಳುತ್ತೆ. ಒಳಗೊಂದು ಪದರ ಕೊಡ್ಲಾ?"

"ಕೊಡು. ಮೆತ್ತಗಿರೋದು ಕೊಡು. ಗಡುಸಾದ್ರೆ ಮಡಿಕೆ ಬೀಳುತ್ತೆ."

ಅಂಗಿ ಮುಗಿದು ಕಡ್ಡಿ ತೊಟ್ಟುಕೊಂಡಾಗ ಚಿಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಾಯಿಗೂ ಹೇಳಲಾಗಲಿಲ್ಲ. ಬೆನ್ನ ಮೇಲೆ ಮಡಿಕೆಯೊಂದನ್ನು ಹೊಲಿದು ಪಟ್ಟಿಗಳ ಗಂಟನ್ನು ಅದರೊಳಗೆ ಅಡಗಿಸಿದ್ದರು. ತಟ್ಟಿದರೆ ಈಗಲೂ ಟಕ್ ಎನ್ನುತ್ತಿತ್ತು. ಅಪ್ಪ ತಟ್ಟಿ ನೋಡಿ, ಯಾರಿದ್ದೀರಿ ಒಳಗೆ ಎಂದ. ಅವಳು ಅವನ ಕೈಗೊಂದು ಹೊಡೆದಳು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಚಣಿಗೆ ತರಲು ಕೋಣೆಗೆ ಹೋದ ತಾಯಿ ಬಾಗಿಲಲ್ಲೇ ನಿಂತಳು. ಕಡ್ಡಿ ಕನ್ನಡಿಯ ಮುಂದಿದ್ದಳು. ಚಿಪ್ಪು ಹಾಸಿಗೆಯ ಮೇಲೆ ಬಿದ್ದಿತ್ತು. ಅದಿಲ್ಲದೆ ತೊಟ್ಟ ಹೊಸ ಅಂಗಿ ಗಾಳಿ ಹೋದ ಚೀಲದಂತೆ ಮೈಮೇಲೆ ಕುಸಿದು, ಸೊಂಟದಲ್ಲಿ ಸುತ್ತಲೂ ಜೋತುಬಿದ್ದು, ಬೆನ್ನಿನ ಮಡಿಕೆ ಬಾಯಿ ತೆರೆದಿತ್ತು. ಹುಡುಗಿ ಹಿಂದೆ ಮುಂದೆ ಎಳೆದು ನೋಡಿದಳು. ಹಾಗೇ ಮುಂದಿನ ಕೋಣೆಗೆ ನಡೆದಳು.

"ತಾತ, ಇದು ಚಿಪ್ಪಿಲ್ಲದೆ ಕೂರಲ್ಲ."

"ಹೂಂ. ಕೂರಲ್ಲ."

"ಬೇಕಂತಲೇ ಹೀಗೆ ಮಾಡಿದ್ರಾ?"

ಮಾಸ್ಟರ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಅಳತೆ ಕೊಟ್ಟಿದ್ದು ನೀನು."

ಕಡ್ಡಿ ಕೋಣೆಗೆ ಹಿಂತಿರುಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಿಗಿಯುವ ಸದ್ದು ಬಂತು. ಮಾವ ಸೊಸೆ ಇಬ್ಬರೂ ಕೆಲಸ ನಿಲ್ಲಿಸಿ ಕೊನೆಯ ಪಟ್ಟಿಯವರೆಗೆ ಕೇಳಿಸಿಕೊಂಡರು. ಆಮೇಲೆ ಮಾಸ್ಟರ್ ಕತ್ತರಿಸಿದ ತೋಳುಗಳನ್ನು ಈಚೆ ತಳ್ಳಿದರು.

ಮುಂದಿನ ಭೇಟಿಗೆ ಗಂಡ ರಜೆ ಹಾಕಿ ಜೊತೆಗೆ ಬಂದ. ಡಾಕ್ಟರ ಮುಂದೆ ಕೂತವನು, ಅವರು ಏನೂ ಕೇಳುವ ಮೊದಲೇ, ಹಿಂದೆ ಇಲ್ಲ ಎಂದು ಹೇಳಿದ್ದು ತಪ್ಪು, ನಮ್ಮಮ್ಮನಿಗಿತ್ತು, ನಮಗೇ ಗೊತ್ತಿರಲಿಲ್ಲ ಎಂದು ಹೇಳಿದ. ಹಾಗಾದರೆ ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರನ್ನೂ ತೋರಿಸಿ ಎಂದರು ಡಾಕ್ಟರು. ತಂಗಿಗೆ ಇಬ್ಬರು ಮಕ್ಕಳಿದ್ದಾರೆ, ಏನೂ ತೊಂದರೆಯಿಲ್ಲ ಅವರಿಗೆ ಎಂದವನು, ತಾನಾಡಿದ ಮಾತು ತನಗೇ ಕೇಳಿಸಿದಂತೆ ನಿಲ್ಲಿಸಿ, ಕರ್ಕೊಂಡು ಬರ್ತೀವಿ ಎಂದ.

ಡಾಕ್ಟರು ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಗೆರೆ ಎಳೆದು ಅಳೆದರು. ಇನ್ನೊಮ್ಮೆ ಅಳೆದರು.

"ಅಲ್ಲೇ ನಿಂತಿದೆ," ಎಂದರು.

"ಇನ್ನೆಷ್ಟು ದಿನ ಹಾಕ್ಕೋಬೇಕು?" ಎಂದು ಕಡ್ಡಿ ಕೇಳಿದಳು.

"ನೀನು ಬೆಳೆಯೋದು ನಿಲ್ಲೋ ತನಕ. ಹೋದ ಸಲಕ್ಕಿಂತ ಈಗಲೂ ಉದ್ದ ಆಗಿದ್ದೀಯ. ಹಾಗಾಗಿ ಮತ್ತೆ ಬರಬೇಕು, ಮತ್ತೆ ನೋಡಬೇಕು."

ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ಕಡ್ಡಿ ಇಬ್ಬರಿಗಿಂತ ಮುಂದೆ ನಡೆದಳು. ಅವಳ ನಡಿಗೆಯೇ ಜೋರು. ಜನ ಪಕ್ಕದಲ್ಲಿ ಹಾದುಹೋದರು. ಯಾರೂ ತಿರುಗಿ ನೋಡಲಿಲ್ಲ. ತಾಯಿ ಹಿಂದಿನಿಂದ ಆ ಬೆನ್ನನ್ನೇ ನೋಡುತ್ತ ನಡೆದಳು. ಅಂಗಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಅದರೊಳಗೆ ಏನಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.